ಗಂಟಿನ ಬಯಾಪ್ಸಿಗೆ ಮುನ್ನ

ಪುಟ್ಟೀ,

ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್, ಇರಬಹುದೆಂದು ಸೋಮವಾರ ಕುತ್ತಿಗೆಯ ಗಂಟು ತೆಗೆಯುತ್ತಾರೆ ಅಂದಾಗ ಫೋನಿನಲ್ಲಿ ನನಗೆ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬಲಗೈ ತನ್ನಷ್ಟಕ್ಕೆ ಕುಣಿಯುವುದನ್ನು ಬೇರೆಯವರು 'ಟೆನ್ಶನ್' ಅಂದರೂ ಸುಮ್ಮನಾಗದೆ ನ್ಯೂರಾಲಜಿಸ್ಟ್ ಹತ್ತಿರ ಹೋದೆಯಲ್ಲ, ಆ ಹಟಕ್ಕೆ ನನಗೆ ಹೆಮ್ಮೆ. ಹಾಗೆ ಕೈಕಾಲು ತಾನಾಗಿ ಕುಣಿಯುವ ತೊಂದರೆಗೆ ಕೊರಿಯಾ ಅನ್ನುತ್ತಾರೆ. ಲಿಂಫೋಮಾ ಇದ್ದವರಲ್ಲಿ, ಗಡ್ಡೆಯ ಮೇಲೆ ಯುದ್ಧಕ್ಕೆ ಹೊರಟ ರೋಗನಿರೋಧಕ ಶಕ್ತಿ ಕೆಲವೊಮ್ಮೆ ಮೆದುಳಿನ ಮೇಲೂ ಬೀಳುತ್ತದೆ. ಕ್ಯಾನ್ಸರ್ ಮೆದುಳಿಗೆ ಹರಡಿರಲೇಬೇಕೆಂದಿಲ್ಲ, ಎಂಆರ್‌ಐ ನಾರ್ಮಲ್ ಬರಲೂಬಹುದು. ಮೆದುಳಿನಾಳದಲ್ಲಿ ಚಲನೆಯನ್ನು ಹದವಾಗಿಡುವ ಬೇಸಲ್ ಗ್ಯಾಂಗ್ಲಿಯಾಕ್ಕೆ ಪೆಟ್ಟಾದರೆ ಕೈಕಾಲು ಕುಣಿಯುತ್ತದೆ. ಕಿರುಮೆದುಳು ಅನ್ನುವ ಸೆರಿಬೆಲ್ಲಮ್‌ಗಾದರೆ ನಡಿಗೆ ತೂರಾಡಿ ಮಾತು ತೊದಲುತ್ತದೆ. ಅಲ್ಲಿ ಸತ್ತ ಪರ್ಕಿಂಜಿ ಎಂಬ ನರಕೋಶ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ನಡಿಗೆ ಕೊಂಚ ವಾಲಿದರೂ ಅಂದೇ ಹೇಳು. ಹಾಡ್ಜ್‌ಕಿನ್ ಎಂಬ ಬಗೆಯ ಲಿಂಫೋಮಾದವರಲ್ಲಿ ಕಾಣುವ ಆಂಟಿ-ಟಿಆರ್ ಪ್ರತಿಕಾಯ ಕೆಲವರಿಗೆ ರಕ್ತದಲ್ಲಿ ಸಿಗದೆ ಬೆನ್ನುಹುರಿಯ ಸುತ್ತಲಿನ ನೀರಿನಲ್ಲಷ್ಟೇ ಸಿಗುತ್ತದೆ. ಆ ಪರೀಕ್ಷೆಗೆ ಹೆದರಬೇಡ. ಅದೇ ನೀರಿನಲ್ಲಿ ಕ್ಯಾನ್ಸರ್ ಕೋಶಗಳನ್ನೂ ಹುಡುಕುತ್ತಾರೆ.

ನನ್ನ ಭಯ ಬೇರೆಯೇ. ಸೋಮವಾರದೊಳಗೆ ಯಾರಾದರೂ ನಿನಗೆ ಸ್ಟೆರಾಯ್ಡ್ ಕೊಟ್ಟುಬಿಟ್ಟರೆ? ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ನಾಲ್ಕು ದಿನ ನುಂಗಿದರೂ ಲಿಂಫೋಮಾದ ಗಂಟು ಕುಗ್ಗಬಹುದು. ಕೈಯೂ ತುಸು ಶಾಂತವಾಗಿ 'ವಾಸಿಯಾಯ್ತು' ಅನ್ನಿಸಬಹುದು. ಆಮೇಲೆ ತೆಗೆದ ಚೂರಿನಲ್ಲಿ ಪೆಥಾಲಜಿಸ್ಟ್‌ಗೆ ಏನೂ ಸ್ಪಷ್ಟವಾಗದೆ ಹೋಗಬಹುದು, ವಾರಗಳು ಹಾಳಾಗಬಹುದು. ಕೆಮ್ಮಿಗೆ ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ, ಪಕ್ಕದ ಮನೆಯವರು ಹೇಳಿದ ಹೆಸರಿಲ್ಲದ ಪುಡಿ, ಯಾವುದರಲ್ಲಿ ಅದು ಸೇರಿರುತ್ತದೋ! ಏನು ನುಂಗುವ ಮುನ್ನವೂ ಮಾತ್ರೆಯ ಪಟ್ಟಿಯ ಹಿಂದಿನ ಹೆಸರು ಓದು. ಬಯಾಪ್ಸಿ ಆದ ಮೇಲೆ ಡಾಕ್ಟರೇ ಸ್ಟೆರಾಯ್ಡ್ ಕೊಡಬಹುದು, ಆಗ ಬೇಡ ಅನ್ನಬೇಡ. ತುರ್ತು ಬಂದರೆ ನಿರ್ಧಾರ ಅವರದು. ಆದರೆ ಅಲ್ಲಿಯವರೆಗೆ ಯಾರ ಕೈಯ ಮಾತ್ರೆಯೂ ಬೇಡ, ನನ್ನ ಕೈಯದೂ ಬೇಡ.

ಸೂಜಿ ಹಾಕಿ ತೆಗೆದ ಕೋಶಗಳಷ್ಟೇ ಸಾಲದು, ಸಾಧ್ಯವಾದರೆ ಇಡೀ ಗಂಟನ್ನೇ ತೆಗೆಯಲಿ. ಲಿಂಫೋಮಾ ಯಾವ ಬಗೆಯದು ಅನ್ನುವುದು ಅದರ ರಚನೆ ನೋಡಿದರೇ ತಿಳಿಯುವುದು. ಕುತ್ತಿಗೆಯ ಗಂಟು ಅಂದಕೂಡಲೇ ಟಿಬಿ ಮಾತ್ರೆ ಶುರು ಮಾಡುವವರೂ ಇದ್ದಾರೆ; ರಿಪೋರ್ಟ್ ಬರಲಿ ಅನ್ನು. ಉಪದೇಶ ಜಾಸ್ತಿಯಾಯ್ತು, ಕ್ಷಮಿಸು ಕಂದಾ, ಆದರೂ ಇನ್ನೆರಡು ಮಾತು.

ಕೈ ಕುಣಿಯುವಾಗ ವಿಡಿಯೋ ಮಾಡಿಸು: ಸುಮ್ಮನೆ ಕೂತಾಗ, ಕೈ ಚಾಚಿದಾಗ, ನಡೆಯುವಾಗ. ಕೀಮೋ ಅಂತಾದರೆ, ವಾಂತಿಗೆ ಮೆಟೊಕ್ಲೊಪ್ರಮೈಡ್ ಹಾಕುವ ಮುನ್ನ ಕೈಯ ವಿಷಯ ಹೇಳು. ಮೆದುಳಿನಲ್ಲಿ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕದ ಕೆಲಸ ತಡೆಯುವ ಔಷಧ ಅದು. ನಿನ್ನ ವಯಸ್ಸಿನವರಿಗೆ ಕುತ್ತಿಗೆ, ದವಡೆ ಸೆಟೆದುಕೊಳ್ಳುವುದುಂಟು. ಆಗ ರೋಗದ್ದು ಯಾವುದು, ಔಷಧದ್ದು ಯಾವುದು ಅಂತ ಬಿಡಿಸುವುದು ಕಷ್ಟ. ಅದರ ಬದಲು ವಾಂತಿಗೆ ಒಂಡಾನ್ಸೆಟ್ರಾನ್ ಆಗುತ್ತದೆಯೇ ಕೇಳು.

ಅಮ್ಮ