ನಿನ್ನ ಎಡತೋಳಿನ ಗುರುತು

ಪುಟ್ಟೀ,

ನಿನ್ನೆ ನೀನು ಮಾತಿನ ಮಧ್ಯೆ ಫೋನ್ ಇಟ್ಟೆ. ತಪ್ಪು ನನ್ನದೇ. ಆಪರೇಷನ್ ಆಗಿ ತಿಂಗಳಾದ ಮೇಲೆ ಅಮ್ಮನ ಬಾಯಿಂದ ಗೊತ್ತಾದರೆ ಸಿಟ್ಟು ಬರದೇ ಇರುತ್ತಾ? ಪುಣೆಯಲ್ಲಿ ಒಬ್ಬಳೇ ಮನೆ ಹುಡುಕಿ ಕೆಲಸಕ್ಕೆ ಸೇರಿದ್ದೆ. ಬೀದಿಗೆಲ್ಲಾ ಹೇಳಿಕೊಂಡು ಓಡಾಡಿದ್ದೆ ನಾನು. ಆ ಖುಷಿಗೆ ಕಲ್ಲು ಹಾಕೋದು ಬೇಡ ಅನ್ನಿಸಿತು.

ಮೊದಲ ಸಲ ಮೂತ್ರ ಕೆಂಪಗೆ ಹೋದಾಗ ಬೀಟ್‌ರೂಟ್ ಪಲ್ಯದ ಬಣ್ಣ ಅಂದುಕೊಂಡೆ. ನೋವಿರಲಿಲ್ಲ. ಎರಡು ದಿನಕ್ಕೆ ತಾನೇ ನಿಂತಿತು. ನಾಲ್ಕು ತಿಂಗಳು ಸುಮ್ನಿದ್ದೆ. ಕೊನೆಗೆ ಕ್ಯಾಮೆರಾ ಹಾಕಿ ನೋಡಿದರೆ ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ. ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಕೆರೆದು ತೆಗೆದರು. ಒಳಪದರದಲ್ಲೇ ಇದೆಯಂತೆ, ಸ್ನಾಯುವಿಗೆ ಇಳಿದಿಲ್ಲ. ಆದರೆ ತೆಗೆದರೂ ಮತ್ತೆ ಬರೋ ಜಾತಿ ಇದು. ಅದಕ್ಕೇ ವಾರಕ್ಕೊಂದರಂತೆ 6 ವಾರ ನಳಿಕೆಯಲ್ಲಿ ಮೂತ್ರಕೋಶದೊಳಕ್ಕೆ ಬಿಸಿಜಿ ಬಿಡ್ತಾರೆ. ಮೂರು ತಿಂಗಳಿಗೊಮ್ಮೆ ಮತ್ತೆ ಕ್ಯಾಮೆರಾ.

ಹೌದು, ಕ್ಷಯ ಬರದಿರಲಿ ಅಂತ ಮಕ್ಕಳಿಗೆ ಹಾಕೋ ಅದೇ ಬಿಸಿಜಿ ಲಸಿಕೆ. ನಿನ್ನ ಎಡತೋಳಿನ ಗುರುತಿನದು. ವಾಣಿವಿಲಾಸ ಆಸ್ಪತ್ರೆಯಲ್ಲಿ ನಿನಗೆ ಚುಚ್ಚಿದಾಗ ನೋಡೋಕಾಗದೆ ನಾನು ವರಾಂಡಕ್ಕೆ ಬಂದುಬಿಟ್ಟಿದ್ದೆ. ತಿಂಗಳು ಕಳೆದ ಮೇಲೆ ಅಲ್ಲಿ ಗುಳ್ಳೆ ಎದ್ದಿತು. ಕಡಲೆಬೇಳೆಯಷ್ಟು. ಆಮೇಲೆ ಕೀವಾಯಿತು. ರಾತ್ರಿಯೆಲ್ಲಾ ಪಕ್ಕದಲ್ಲಿ ಕೂತು ಪೇಪರ್‌ನಲ್ಲಿ ನೊಣ ಓಡಿಸಿದೆ. ಬೆಳಗಾಗುತ್ತಲೇ ಟವೆಲ್‌ನಲ್ಲಿ ಸುತ್ತಿಕೊಂಡು ಮಳೆಯಲ್ಲೇ ಚಾಮರಾಜಪೇಟೆಯಿಂದ ಆಟೋ ಹಿಡಿದೆ. 'ಲಸಿಕೆ ಹತ್ತಿದೆ ಅಷ್ಟೆ, ಏನೂ ಹಚ್ಚಬೇಡಿ' ಅಂದರು ಡಾಕ್ಟರು. ನನಗೆ ನಂಬಿಕೆ ಬರದೆ ಇನ್ನೊಬ್ಬರ ಹತ್ತಿರ ಹೋದೆ. ಅವರೂ ಅದನ್ನೇ ಅಂದರು. ಕಡಲೆಬೇಳೆಯಷ್ಟು ಗುಳ್ಳೆಗೆ ಹಾಗೆ ಓಡಿದವನು, ನನ್ನ ರಕ್ತ ನೋಡಿ ನಾಲ್ಕು ತಿಂಗಳು ಕೂತೆನಲ್ಲ. ಇದೊಂದು ಈಗ ನಿದ್ದೆ ಕೆಡಿಸ್ತಿದೆ.

ಉಪದೇಶ ಬೇಡ ಅಂತಲೇ ಕೂತೆ, ಆದರೂ ಕೇಳು. ಮೂತ್ರದಲ್ಲಿ ಒಂದೇ ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ತೋರಿಸಿಕೋ. ಹೆಂಗಸರಿಗೆ ಎಷ್ಟೋ ಸಲ 'ಯೂರಿನ್ ಇನ್‌ಫೆಕ್ಷನ್' ಅಂತ ಮಾತ್ರೆ ಕೊಟ್ಟು ಕಳಿಸಿ, ಪತ್ತೆಯಾಗೋದು ತಡವಾಗುತ್ತೆ. ಸಿಗರೇಟು ಸೇದೋ ಸ್ನೇಹಿತರಿಗೂ ಹೇಳು. ಹೊಗೆಯ ವಿಷ ರಕ್ತ ಸೇರುತ್ತೆ, ಕಿಡ್ನಿ ಅದನ್ನು ಸೋಸುತ್ತೆ, ಆಮೇಲೆ ಗಂಟೆಗಟ್ಟಲೆ ಮೂತ್ರಕೋಶದಲ್ಲೇ ನಿಲ್ಲುತ್ತೆ. ಮೂವತ್ತು ವರ್ಷ ಸೇದಿದೆ. ಹೋಗೋದು ಶ್ವಾಸಕೋಶ ಮಾತ್ರ ಅಂದುಕೊಂಡಿದ್ದೆ. ನೀನು ಬೇಡ ಅಂದಾಗೆಲ್ಲಾ ಗದರಿದೆ. ಕ್ಷಮಿಸು ಮಗಳೇ.

ಮಂಗಳವಾರ ಎರಡನೇ ಡೋಸು. ಔಷಧ ಬಿಟ್ಟ ಮೇಲೆ ಎರಡು ಗಂಟೆ ಮೂತ್ರ ಹಿಡಿದುಕೊಂಡಿರಬೇಕು. ಹನ್ನೊಂದರಿಂದ ಒಂದರ ತನಕ. ಆಗ ಫೋನ್ ಮಾಡ್ತೀಯಾ? ಬೈದರೂ ಸರಿ.

ನಿನ್ನ ಅಪ್ಪ