‘ನೀವು’ ಎಂದು ಬರೆದ ಮಗಳಿಗೆ

ಶಿವಮೊಗ್ಗ
9 ನವೆಂಬರ್ 2025

ಚಿರಂಜೀವಿ ಪುಟ್ಟಿಗೆ ಅಪ್ಪ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಗುರುವಾರ ನೀನು ಕಳುಹಿಸಿದ ಸಂದೇಶ ತಲುಪಿತು. ‘ಬಿ.ಪಿ. ಮಾತ್ರೆ ಮುಗಿಯುತ್ತಾ ಬಂದಿರಬೇಕು, ನೀವು ಮರೆಯದೆ ತರಿಸಿಕೊಳ್ಳಿ’ ಎಂದು ಬರೆದಿದ್ದೆ. ಮಾತ್ರೆ ತರಿಸಿಕೊಂಡೆ. ಆದರೆ ಆ ಒಂದು ಸಾಲನ್ನು ಈ ಮೂರು ದಿನಗಳಲ್ಲಿ ಎಷ್ಟು ಬಾರಿ ತೆಗೆದು ಓದಿದ್ದೇನೋ ಲೆಕ್ಕವಿಲ್ಲ. ಮಾತು ಕಲಿತಾಗಿನಿಂದ ನೀನು ನನ್ನನ್ನು ಏಕವಚನದಲ್ಲೇ ಕರೆದವಳು. ಶಾಲೆಗೆ ಸೇರಿದ ಮೇಲೆ ನಿನ್ನ ಅಜ್ಜಿ ತಿದ್ದಲು ಹೋದಾಗ, ‘ಅಪ್ಪ ಒಬ್ಬನೇ ತಾನೆ, ಬಹುವಚನ ಯಾಕೆ?’ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ್ದೆ. ಆ ಉತ್ತರವನ್ನು ನಾನು ಬ್ಯಾಂಕಿನಲ್ಲಿ ಹತ್ತು ಜನರಿಗಾದರೂ ಹೇಳಿ ನಕ್ಕಿದ್ದೇನೆ.

ಬಲಿಪಾಡ್ಯಮಿಯ ರಾತ್ರಿ ಏನಾಯಿತೆಂಬುದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ; ಹೋಳಿಗೆ ಬಡಿಸುತ್ತಿದ್ದ ನಿನ್ನ ಅಮ್ಮನ ಕೈ ಗಾಳಿಯಲ್ಲೇ ನಿಂತದ್ದೂ ನೆನಪಿದೆ. ನಿನ್ನ ಕೆಲಸದ ವಿಷಯ ನಮ್ಮ ಮೂವರಲ್ಲದೆ ಬೇರೆಯವರಿಗೆ ತಿಳಿಯಬಾರದೆಂದು ಆಗಸ್ಟಿನಲ್ಲಿ ನೀನು ಕೇಳಿಕೊಂಡಿದ್ದೆ, ನಾನು ಒಪ್ಪಿದ್ದೆ. ಅಷ್ಟು ಸಾಕು.

ಅದಕ್ಕೆ ಮೊದಲಿನ ಚರ್ಚೆಯ ಬಗ್ಗೆ ಮಾತ್ರ ಒಂದೆರಡು ಮಾತು ಬರೆಯಬೇಕಾಗಿದೆ. ನಮ್ಮ ಹೆಣ್ಣುಮಕ್ಕಳ ಕ್ರಿಕೆಟ್ ತಂಡ ವಿಶ್ವಕಪ್ಪಿನಲ್ಲಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡುಗಳಿಗೆ ಸಾಲಾಗಿ ಮೂರು ಪಂದ್ಯ ಸೋತಿದ್ದ ವಾರವದು. ‘ಇವರಿಗೂ ಗಂಡಸರಷ್ಟೇ ಸಂಬಳವಂತೆ’ ಎಂದು ನಿನ್ನ ಸೋದರಮಾವ ನಕ್ಕಾಗ ನೀನು, ಸಮವಾಗಿರುವುದು ಪಂದ್ಯದ ಶುಲ್ಕ ಮಾತ್ರ, ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ, ಅದೂ 2022ರಿಂದ ಈಚೆಗೆ; ವರ್ಷದ ಗುತ್ತಿಗೆಯಲ್ಲಿ ಗಂಡಸರ ಮೇಲಿನ ದರ್ಜೆಗೆ 7 ಕೋಟಿಯಿದ್ದರೆ ಹೆಂಗಸರ ಮೇಲಿನ ದರ್ಜೆಗೆ 50 ಲಕ್ಷ, ಎಂದು ಒಂದು ಚೀಟಿಯನ್ನೂ ನೋಡದೆ ಹೇಳಿದೆ. ನನಗೆ ಆ ಗಳಿಗೆಯಲ್ಲಿ ಎಷ್ಟು ಹೆಮ್ಮೆಯಾಯಿತೆಂದರೆ, ಅದು ಮುಖದಲ್ಲಿ ಕಾಣಬಾರದೆಂದು ನೀರಿನ ಲೋಟ ಎತ್ತಿಕೊಂಡೆ. ಆಮೇಲೆ ಮಾವನ ಪಕ್ಷ ಹಿಡಿದೆ. ಯಾಕೆಂದು ಕೇಳಿದರೆ ಸರಿಯಾದ ಕಾರಣ ನನ್ನಲ್ಲಿಲ್ಲ. ನೀನು ಗೆಲ್ಲುತ್ತಿದ್ದೆ, ಪಂಕ್ತಿಯಲ್ಲಿ ಹಿರಿಯನಾಗಿ ಕುಳಿತವನು ನಾನು, ಅಷ್ಟೆ.

ಇನ್ನೊಂದು ತಪ್ಪೊಪ್ಪಿಗೆ. ‘ಮೊದಲಿನಿಂದಲೂ ಇವರ ಆಟವನ್ನು ಯಾರು ನೋಡಿದ್ದಾರೆ?’ ಎಂದು ಮಾವ ಕೇಳಿದಾಗ ನಿನ್ನಲ್ಲಿ ಉತ್ತರವಿರಲಿಲ್ಲ; ನನ್ನಲ್ಲಿತ್ತು. 1976ರಲ್ಲಿ ಭಾರತದ ಮಹಿಳೆಯರು ಮೊತ್ತಮೊದಲ ಟೆಸ್ಟ್ ಆಡಿದ್ದೇ ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸಿನ ವಿರುದ್ಧ. ನಾಯಕಿಯಾಗಿದ್ದವರು ನಮ್ಮ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಗೆದ್ದೂ ಬಂದರು. ರಿಸರ್ವೇಶನ್ ಇಲ್ಲದ ರೈಲು ಡಬ್ಬಿಗಳಲ್ಲಿ ಕಿಟ್ಟು ಹೊತ್ತು ಹೋಗಿ ಆಡಿದವರು ಅವರು. ಆಗ ನನಗೆ ಹದಿನಾಲ್ಕು ವರ್ಷ, ಪತ್ರಿಕೆಯಲ್ಲಿ ಬಂದ ಅವರ ಫೋಟೋ ಕತ್ತರಿಸಿ ವಿಶ್ವನಾಥ್ ಪಕ್ಕದಲ್ಲಿ ಅಂಟಿಸಿಕೊಂಡಿದ್ದೆ. ಇಷ್ಟು ತಿಳಿದೂ ಆ ರಾತ್ರಿ ಸುಮ್ಮನಿದ್ದೆ, ಏಕೆಂದರೆ ಹೇಳಿದ್ದರೆ ಅದು ನಿನ್ನ ಕಡೆಯ ತಕ್ಕಡಿಗೆ ಬೀಳುತ್ತಿತ್ತು.

ನಿನಗೆ ನಾನು ಈವರೆಗೆ ಹೇಳದ ಒಂದು ಸಂಗತಿಯಿದೆ. ಅಮ್ಮನಿಗೂ ಪೂರ್ತಿ ಹೇಳಿಲ್ಲ.

ಮೈಸೂರಿನ ಶಾಖೆಯಲ್ಲಿದ್ದಾಗ ನನಗೊಬ್ಬ ಗೆಳೆಯನಿದ್ದ. ಮೊಳಕಾಲ್ಮೂರಿನ ಮಗ್ಗದ ಮನೆಯಿಂದ ಬಂದವನು, ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಇಬ್ಬರೂ 1985ರಲ್ಲಿ ಒಂದೇ ನೇಮಕಾತಿಯಲ್ಲಿ ಬ್ಯಾಂಕಿಗೆ ಸೇರಿದವರು, ಒಂದೇ ರೂಮಿನಲ್ಲಿ ನಾಲ್ಕು ವರ್ಷ ಇದ್ದವರು. ಸಂಜೆ ಕೆಲಸ ಮುಗಿದ ಮೇಲೆ, ಈಗ ಎಲ್ಲರೂ ದೇವರಾಜ ಅರಸು ರಸ್ತೆ ಎಂದು ಕರೆಯುವ ಬೀದಿಯ ಒಂದು ಸಣ್ಣ ಹೋಟೆಲಿನಲ್ಲಿ ಬೈಟು ಕಾಫಿ ಕುಡಿಯುತ್ತಾ ಗಂಟೆಗಟ್ಟಲೆ ಕೂರುತ್ತಿದ್ದೆವು. ಗವಾಸ್ಕರ್ ದೊಡ್ಡವನೋ ವಿಶ್ವನಾಥ್ ದೊಡ್ಡವನೋ, ಹೆಗಡೆ ರಾಜೀನಾಮೆ ಕೊಟ್ಟದ್ದು ಸರಿಯೋ ತಪ್ಪೋ, ಗೋಕಾಕ್ ವರದಿಯಿಂದ ಕನ್ನಡಕ್ಕೆ ಏನು ಸಿಕ್ಕಿತು, ವಿಷಯ ಯಾವುದಾದರೂ ಆದೀತು. ನಾನು ಒಂದು ಕಡೆ ಹಿಡಿದರೆ ಅವನು ಬೇಕೆಂದೇ ಇನ್ನೊಂದು ಕಡೆ ಹಿಡಿಯುತ್ತಿದ್ದ. ಕಾಫಿಯ ಹಣ ಯಾರು ಕೊಟ್ಟರೆಂದು ನಾಲ್ಕು ವರ್ಷದಲ್ಲಿ ಒಂದು ದಿನವೂ ಲೆಕ್ಕ ಇಟ್ಟಿರಲಿಲ್ಲ.

1990ರ ಆಗಸ್ಟ್ 7ರಂದು ಪ್ರಧಾನಿ ವಿ.ಪಿ. ಸಿಂಗ್ ಮಂಡಲ್ ವರದಿಯಂತೆ ಹಿಂದುಳಿದ ವರ್ಗಗಳಿಗೆ ಶೇ 27ರ ಮೀಸಲಾತಿಯನ್ನು ಜಾರಿಗೆ ತರುವುದಾಗಿ ಘೋಷಿಸಿದರು. ಅಲ್ಲಿಂದ ಮುಂದೆ ಒಂದೂವರೆ ತಿಂಗಳು ನಮಗೆ ಬೇರೆ ವಿಷಯವೇ ಇರಲಿಲ್ಲ. ಸೆಪ್ಟೆಂಬರಿನಲ್ಲಿ ದೆಹಲಿಯ ವಿದ್ಯಾರ್ಥಿಯೊಬ್ಬ ಮೈಗೆ ಬೆಂಕಿ ಹಚ್ಚಿಕೊಂಡ ಸುದ್ದಿ ಬಂದ ವಾರ ನಾನು ಬಹಳ ಕಾವಿನಲ್ಲಿದ್ದೆ. ಅವನು ನಿಧಾನವಾಗಿ ಮಾತಾಡಿದ. ಇದೇನು ಹೊಸದಲ್ಲ, ನಮ್ಮ ಮೈಸೂರಿನಲ್ಲೇ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಆ ಸಮಿತಿ ಹೇಳಿತ್ತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಡುವುದಕ್ಕೆ ಆ ಭಿನ್ನಾಭಿಪ್ರಾಯವೂ ಒಂದು ಕಾರಣ. ಆಮೇಲೆ ಅರಸು ಕಾಲದಲ್ಲಿ ಹಾವನೂರು ವರದಿ ಬಂತು, ನಮ್ಮ ರಾಜ್ಯವೇನು ಮುಳುಗಿಹೋಯಿತೇ? ಹೀಗೆ ಒಂದೊಂದಾಗಿ ಹೇಳುತ್ತಾ ಹೋದ. ಸುತ್ತಲಿನ ಮೇಜುಗಳಲ್ಲಿ ನಮ್ಮ ಶಾಖೆಯವರೇ ಮೂರ್ನಾಲ್ಕು ಜನ ಕುಳಿತು ಕೇಳುತ್ತಿದ್ದರು. ನನಗೆ ಉತ್ತರ ಹೊಳೆಯಲಿಲ್ಲ. ಆಗ ನಾನು, ‘ನಿನಗೇನಪ್ಪ, ಆ ಬಾಗಿಲಿನಿಂದಲೇ ಒಳಗೆ ಬಂದವನು, ಅದನ್ನೇ ಹೊಗಳಬೇಕು’ ಎಂದುಬಿಟ್ಟೆ.

ಪಕ್ಕದ ಮೇಜಿನವರು ನಕ್ಕರು. ಚರ್ಚೆ ನಾನು ಗೆದ್ದ ಹಾಗಾಯಿತು.

ಈಗ ಕೇಳು. ಕೇಂದ್ರ ಸರ್ಕಾರದ ಹುದ್ದೆಗಳಲ್ಲಾಗಲಿ ನಮ್ಮಂಥ ಬ್ಯಾಂಕುಗಳಲ್ಲಾಗಲಿ ಆಗ ಪರಿಶಿಷ್ಟ ಜಾತಿ, ಪಂಗಡಗಳಿಗಲ್ಲದೆ ಹಿಂದುಳಿದ ವರ್ಗಗಳಿಗೆ ಮೀಸಲಾತಿ ಇರಲೇ ಇಲ್ಲ. 1992ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 1993ರ ಸೆಪ್ಟೆಂಬರಿನಲ್ಲಿ ಆದೇಶ ಹೊರಟ ಮೇಲೆ ಬಂದದ್ದು ಅದು. ಅವನು ನನ್ನ ಹಾಗೆಯೇ ಸಾಮಾನ್ಯ ವರ್ಗದಲ್ಲಿ ಪರೀಕ್ಷೆ ಬರೆದು ಬಂದವನು. ಆಯ್ಕೆ ಪಟ್ಟಿಯಲ್ಲಿ ಅವನ ನಂಬರು ನನ್ನದಕ್ಕಿಂತ ಮೇಲಿತ್ತು. ಆ ಪಟ್ಟಿಯನ್ನು ನಾನೇ ಬೆರಳಿಟ್ಟು ಓದಿದ್ದೆ. ಒಂದು ವೇಳೆ ಅವನು ಮೀಸಲಾತಿಯಿಂದಲೇ ಬಂದಿದ್ದರೂ ಹಾಗೆನ್ನುವ ಅಧಿಕಾರ ನನಗಿರಲಿಲ್ಲ, ಅದು ಬೇರೆ ಮಾತು. ಆದರೆ ಸುಳ್ಳೆಂದು ಗೊತ್ತಿದ್ದ ಮಾತನ್ನೇ ನಾನು ಆಡಿದೆ. ಮರೆತಿದ್ದೆನೇ? ಮರೆತಿರಲಿಲ್ಲ. ಆ ಕ್ಷಣಕ್ಕೆ ಅದು ಬೇಕಾಗಿತ್ತು.

ಅವನು ಏನೂ ಹೇಳಲಿಲ್ಲ, ಪಟ್ಟಿಯ ವಿಷಯವನ್ನೂ ಎತ್ತಲಿಲ್ಲ. ಜೇಬಿಗೆ ಕೈ ಹಾಕಿ ಚಿಲ್ಲರೆ ತೆಗೆದು, ಅಂಗೈಯಲ್ಲಿ ಎಣಿಸಿ, ತನ್ನ ಅರ್ಧ ಕಾಫಿಯ ದುಡ್ಡನ್ನಷ್ಟೇ ಮೇಜಿನ ಮೇಲಿಟ್ಟು ಎದ್ದುಹೋದ. ಅವನ ಲೋಟದಲ್ಲಿ ಕಾಫಿ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಆ ನಾಣ್ಯಗಳನ್ನು ಮುಟ್ಟಲು ನನಗೆ ಮನಸ್ಸಾಗದೆ ಬಹಳ ಹೊತ್ತು ಕುಳಿತಿದ್ದೆ. ಕೊನೆಗೆ ಮಾಣಿ ಬಂದು ಮೇಜು ಒರೆಸುವಾಗ ಅವನ್ನೂ ಬಾಚಿಕೊಂಡು ಹೋದ. ಮರುವಾರ ಗೆಳೆಯ ರೂಮು ಬದಲಿಸಿದ. ಆರು ತಿಂಗಳಲ್ಲಿ ವರ್ಗ ಕೇಳಿಕೊಂಡು ಹೋದ.

2009ರಲ್ಲಿ ಚಿತ್ರದುರ್ಗದ ಒಂದು ಮದುವೆಯಲ್ಲಿ ಅವನನ್ನು ಕಂಡೆ. ಕೂದಲು ಪೂರಾ ಬಿಳಿಯಾಗಿತ್ತು. ನಾನು ಹತ್ತಿರ ಹೋದಾಗ ಎದ್ದು ನಿಂತು ಕೈ ಕುಲುಕಿ, ‘ಹೇಗಿದ್ದೀರಿ? ಮಗಳು ಏನು ಓದುತ್ತಿದ್ದಾಳೆ? ಊಟ ಮಾಡಿಕೊಂಡೇ ಹೋಗಿ’ ಎಂದ. ನಾಲ್ಕು ವರ್ಷ ನನ್ನನ್ನು ‘ಲೋ’ ಎಂದು ಕರೆದವನು. ಬೈದಿದ್ದರೆ ನಾನು ಅಲ್ಲೇ ಕಾಲು ಹಿಡಿಯುತ್ತಿದ್ದೆನೇನೋ. ಅಷ್ಟು ಮರ್ಯಾದೆಯಾಗಿ ಮಾತಾಡಿಸಿದವನ ಮುಂದೆ ಕ್ಷಮೆ ಕೇಳುವುದಕ್ಕೂ ಸಂದು ಸಿಗಲಿಲ್ಲ. ಊಟ ಮಾಡಿಕೊಂಡು ಬಂದೆ. ಈಗ ನಿನಗೆ ಅರ್ಥವಾಗಿರಬೇಕು, ಮಾತ್ರೆಯ ಸಂದೇಶವನ್ನು ಯಾಕೆ ಅಷ್ಟು ಬಾರಿ ಓದಿದೆನೆಂದು.

ಇದನ್ನು ಬರೆದ ಮೇಲೂ ನಿನಗೆ ಒಂದೆರಡು ಬುದ್ಧಿಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ತಂದೆಯ ಬುದ್ಧಿ ಎಂದುಕೋ. ಆ ರಾತ್ರಿ ಮಾತು ಜಾತಿ ಸಮೀಕ್ಷೆಯ ಕಡೆ ಹೊರಳಿದಾಗ ನೀನು ನಿನ್ನ ಅತ್ತೆಗೆ, ‘ನಿಮಗೆ ಇದೆಲ್ಲ ಅರ್ಥವಾಗುವುದಿಲ್ಲ, ಬಿಡಿ’ ಎಂದೆಯಲ್ಲ, ಅದು ಒಳ್ಳೆಯದಲ್ಲ. ಅವರು ಕೇಳಿದ ಪ್ರಶ್ನೆ ಪೆದ್ದಾಗಿ ಕಂಡಿರಬಹುದು, ಆದರೆ ಮನೆಗೆ ಬಂದು ಅರವತ್ತು ಪ್ರಶ್ನೆ ಕೇಳುವುದು ಏತಕ್ಕೆ ಎಂದು ತಿಳಿಯುವ ಆಸೆ ಅವರಿಗೆ ನಿಜವಾಗಿಯೂ ಇತ್ತು. ಅಂಕಿಗಳು ನಿನ್ನ ನಾಲಿಗೆಯ ತುದಿಯಲ್ಲಿರುವುದು ಸರಿ; ಅವನ್ನು ಕಲ್ಲಿನಂತೆ ಬೀಸಬಾರದು. ಎದುರಿನವರು ಒಂದು ವಾಕ್ಯ ಮುಗಿಸುವ ಮೊದಲೇ ನೀನು ಉತ್ತರ ಆರಂಭಿಸುತ್ತೀಯೆ. ಧ್ವನಿ ಏರಿಸುತ್ತೀಯೆ. ನಿನ್ನ ಮಾವ ಪತ್ರಿಕೆಯಲ್ಲಿ ತಲೆಬರಹವನ್ನಷ್ಟೇ ಓದುವವನು, ಅವನೊಡನೆ ಗುತ್ತಿಗೆಯ ದರ್ಜೆಗಳನ್ನು ಚರ್ಚಿಸಿ ಫಲವೇನು? ಇಷ್ಟಕ್ಕೇ ನಿಲ್ಲಿಸುತ್ತೇನೆ. ಈ ದುರ್ಗುಣಗಳೆಲ್ಲ ನಿನಗೆ ಬಂದದ್ದು ಯಾರಿಂದ ಎಂದು ಅಮ್ಮ ಈಗಾಗಲೇ ಎರಡು ಬಾರಿ ಹೇಳಿದ್ದಾಳೆ.

ಸಮೀಕ್ಷೆ ಎಂದಾಗ ನೆನಪಾಯಿತು. ದಸರಾ ರಜೆಯಲ್ಲಿ ಒಬ್ಬ ಮೇಷ್ಟ್ರು ನಮ್ಮ ಮನೆಗೂ ಬಂದಿದ್ದರು. ಮೊಬೈಲಿನ ಆ್ಯಪ್ ಮತ್ತೆ ಮತ್ತೆ ನಿಂತುಹೋಗಿ ಎರಡು ಸಲ ಕಾಫಿ ಕುಡಿಯುವಷ್ಟು ಹೊತ್ತು ಜಗಲಿಯಲ್ಲೇ ಕುಳಿತರು. ನಿನ್ನ ಹೆಸರಿನ ಮುಂದೆ ಉದ್ಯೋಗ ಏನೆಂದು ಕೇಳಿದಾಗ ‘ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ’ ಎಂದೆ. ಅಮ್ಮ ಒಳಗಿನಿಂದ ನನ್ನನ್ನು ನೋಡಿದಳು. ನಿಜ ಬರೆಸಬೇಕಾಗಿದ್ದ ಕಡೆ ಮುಚ್ಚಿಟ್ಟೆ, ಮುಚ್ಚಿಡಬೇಕಾಗಿದ್ದ ಕಡೆ ಹಬ್ಬದ ಊಟದ ನಡುವೆ ಹರಡಿದೆ. ಕಂಪನಿಯವರು ಒಂದೇ ದಿನದಲ್ಲಿ ಅಷ್ಟು ಜನರನ್ನು ಕೆಲಸದಿಂದ ಕಳುಹಿಸಿದ್ದರಲ್ಲಿ ನಿನ್ನ ತಪ್ಪೇನೂ ಇಲ್ಲವೆಂದು ನನಗೆ ಗೊತ್ತು. ಆದರೂ ನನ್ನೊಳಗೆ ಎಲ್ಲೋ ನಾಚಿಕೆಯಿತ್ತು, ಸಿಟ್ಟು ಬಂದಾಗ ಅದೇ ಬಾಯಿಗೆ ಬಂತು. ಕ್ಷಮಿಸು ಎಂದು ಬರೆಯುವುದು ಸುಲಭ, ಅತ್ತೆ ಮಾವಂದಿರ ಎದುರು ನೀನು ತಲೆ ತಗ್ಗಿಸಿದ್ದನ್ನು ಹಿಂದಕ್ಕೆ ತರಲಾಗುವುದಿಲ್ಲ. ಆದರೂ ಕ್ಷಮಿಸು.

ಕಳೆದ ಭಾನುವಾರ ವಿಶ್ವಕಪ್ಪಿನ ಫೈನಲ್ ನೋಡಿದೆ. ಬೆಂಗಳೂರಿನಲ್ಲಿ ನಡೆಯಬಹುದಾಗಿದ್ದ ಪಂದ್ಯ. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಸತ್ತ ಮೇಲೆ ನವಿ ಮುಂಬಯಿಗೆ ಹೋಯಿತು. ಮಳೆಯಿಂದ ತಡವಾಗಿ ಶುರುವಾಗಿ ಮುಗಿಯುವಾಗ ನಡುರಾತ್ರಿ. ಅಮ್ಮ ಸೋಫಾದಲ್ಲೇ ನಿದ್ದೆ ಹೋಗಿದ್ದಳು. ಶಫಾಲಿ ವರ್ಮಾ 87 ಹೊಡೆದು ಎರಡು ವಿಕೆಟ್ಟನ್ನೂ ತೆಗೆದಳು; ಪಂದ್ಯಾವಳಿ ಆರಂಭವಾದಾಗ ಅವಳು ತಂಡದಲ್ಲೇ ಇರಲಿಲ್ಲ, ಇನ್ನೊಬ್ಬಳಿಗೆ ಗಾಯವಾಗಿ ಕರೆ ಬಂದದ್ದು. ಇದನ್ನು ನಿನಗೆ ಪಾಠವೆಂದು ಬರೆಯುತ್ತಿದ್ದೇನೆ ಎಂದು ಸಿಡುಕಬೇಡ. ಹೌದು, ಹಾಗೆಂದೇ ಬರೆಯುತ್ತಿದ್ದೇನೆ. ಕೊನೆಯ ಕ್ಯಾಚನ್ನು ಹರ್ಮನ್‌ಪ್ರೀತ್ ಹಿಂದಕ್ಕೆ ಓಡುತ್ತಾ ಹಿಡಿದಾಗ ನಾನು ಎದ್ದು ನಿಂತು ಫೋನು ಕೈಗೆ ತೆಗೆದುಕೊಂಡೆ. ನಿನ್ನ ಹೆಸರಿನವರೆಗೆ ಹೋಗಿ ಮತ್ತೆ ಮೇಜಿನ ಮೇಲಿಟ್ಟೆ. ನೀನು ಎತ್ತದಿದ್ದರೆ ಎಂಬುದಕ್ಕಿಂತ, ಎತ್ತಿ ‘ಹೇಳಿ’ ಎಂದರೆ ಏನು ಮಾಡಲಿ ಎಂಬ ಭಯವೇ ಹೆಚ್ಚಾಯಿತು.

ಬೆಳಿಗ್ಗೆ ಆರೂವರೆಗೇ ನಿನ್ನ ಮಾವ ಫೋನ್ ಮಾಡಿ ‘ನಮ್ಮ ಹುಡುಗಿಯರು ಗೆದ್ದರು ಭಾವ’ ಎಂದು ಕೂಗಿದ. ಹನ್ನೊಂದು ದಿನಗಳಲ್ಲಿ ‘ಇವರು’ ಹೋಗಿ ‘ನಮ್ಮ ಹುಡುಗಿಯರು’ ಆಗಿದ್ದರು. ಶಾಂತಾ ರಂಗಸ್ವಾಮಿಯವರ ವಿಷಯವನ್ನು ಅವನಿಗೆ ಆಗ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದ. ನಾನು ಕಾಫಿ ಕುಡಿಯಬೇಕು ಎಂದು ಫೋನಿಟ್ಟೆ.

ಉತ್ತರ ಬರೆಯಲೇಬೇಕೆಂಬ ಒತ್ತಾಯವಿಲ್ಲ. ಬರೆದರೆ, ಬೈದು ಬರೆ. ನಿನ್ನ ಹಳೆಯ ಏಕವಚನದಲ್ಲೇ ಬೈ.

ಇತಿ,
ನಿನ್ನ ಅಪ್ಪ

ತಾ.ಕ.: ಆಟಗಾರ್ತಿಯರ ವರ್ಷದ 50 ಲಕ್ಷದೊಳಗೇ ಪಂದ್ಯದ ಶುಲ್ಕ ಸೇರಿದೆಯೋ, ಅದು ಬೇರೆಯೋ ಎಂದು ಮಾವ ಕೇಳಿದ. ನನಗೆ ಗೊತ್ತಿಲ್ಲ, ಮಗಳನ್ನು ಕೇಳಿ ಹೇಳುತ್ತೇನೆ ಎಂದಿದ್ದೇನೆ.