ತಾಳಿಕೋಟಿಯಿಂದ ಹೊಳೆಯವರೆಗೆ: ಒಂಬತ್ತನೇ ತರಗತಿಯ ಪೋಷಕರಿಗೆ

ಪೋಷಕರೇ, ನಮಸ್ಕಾರ.

ಜನವರಿ ಕೊನೆಯ ಶನಿವಾರ ಮಕ್ಕಳನ್ನು ತಾಳಿಕೋಟಿ ಕಡೆ ಕರೆದುಕೊಂಡು ಹೋಗುತ್ತಿದ್ದೇವೆ. 'ಅಲ್ಲಿ ನೋಡೋಕೆ ಏನಿದೆ ಸರ್, ಹಂಪಿಗೇ ಹೋಗಬಹುದಿತ್ತಲ್ವಾ' ಎಂದು ಕೆಲವರು ಕೇಳಿದಿರಿ. ಹಂಪಿಯಂಥ ಗುಡಿ ಗೋಪುರ ಇಲ್ಲಿ ಸಿಗುವುದಿಲ್ಲ, ನಿಜ. ಎರೆ ಹೊಲ, ತೆನೆ ಬಿಟ್ಟ ಜೋಳ, ಹೊಳೆ ಅಷ್ಟೇ. ಆದರೆ ಹಂಪಿ ಯಾಕೆ ಹಾಳಾಯಿತು ಎಂಬ ಕಥೆ ನಡೆದಿದ್ದು ಇಲ್ಲೇ, ನಮ್ಮ ಸುರಪುರದ ಮಗ್ಗುಲಲ್ಲೇ.

1564ರ ಕೊನೆಗೆ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಮತ್ತು ನಮ್ಮ ಬೀದರಿನ ಸುಲ್ತಾನರ ದಂಡುಗಳು ವಿಜಯನಗರದ ಮೇಲೆ ಹೋಗಲು ತಾಳಿಕೋಟಿಯಲ್ಲಿ ಸೇರಿದವು. ಅಲ್ಲಿಂದ ಕೃಷ್ಣೆಯ ಕಡೆ ನಡೆದವು. ನಮ್ಮ ಬಸ್ಸೂ ಅದೇ ದಿಕ್ಕಿಗೆ ಹೋಗುತ್ತದೆ. ದಂಡು ಹೊಳೆ ದಾಟುವ ಜಾಗಕ್ಕೆ ಆಚೆ ದಂಡೆಯಲ್ಲಿ ವಿಜಯನಗರದ ಕಾವಲಿತ್ತು. ಮುಂದಿನದ್ದನ್ನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಷ್ತಾ ಬರೆದಿಟ್ಟಿದ್ದಾನೆ. ಸುಲ್ತಾನರು ಬೇರೆ ಕಡೆ ದಾಟುವವರಂತೆ ದಂಡೆಗುಂಟ ಹೊರಟರು. ಅದನ್ನು ನಂಬಿ ವಿಜಯನಗರದವರೂ ಆಚೆ ದಂಡೆಯಲ್ಲಿ ಅವರ ಸರಿಸಮಕ್ಕೆ ನಡೆದರು. ಕಾವಲು ಸಡಿಲಾಯಿತು. ಸುಲ್ತಾನರು ಸರಸರ ಹಿಂದಿರುಗಿ ಮೊದಲಿನ ಜಾಗದಲ್ಲೇ ದಾಟಿಬಿಟ್ಟರು! ಪುಸ್ತಕದಲ್ಲಿ ಎಷ್ಟು ಓದಿದರೂ ಇದು ಕಣ್ಣಿಗೆ ಕಟ್ಟುವುದಿಲ್ಲ. ಮಕ್ಕಳು ದಂಡೆಯ ಮೇಲೆ ನಿಂತು, ಯಾರು ಎತ್ತ ಹೋದರು ಎಂದು ಕೈಮಾಡಿ ಹೇಳಬೇಕು. ಅದಕ್ಕೇ ಈ ಪ್ರವಾಸ.

ಆಮೇಲೆ 1565ರ ಜನವರಿಯಲ್ಲಿ ನಡೆದ ತಾಳಿಕೋಟಿ ಕಾಳಗದಲ್ಲಿ, ವಿಜಯನಗರದ ಆಡಳಿತ ನಡೆಸುತ್ತಿದ್ದ ಅಳಿಯ ರಾಮರಾಯ ಸೆರೆಸಿಕ್ಕು ತಲೆ ಕಳೆದುಕೊಂಡ. ವಿಜಯನಗರ ಸೋತಿತು, ಅದರ ರಾಜಧಾನಿ ಹಂಪಿ ಹಾಳಾಯಿತು.

ಮನೆಯಲ್ಲಿ ಈ ಕಥೆ ಹೇಳುವಾಗ ದಯವಿಟ್ಟು ಇದನ್ನು ಸುಮ್ನೆ ಎರಡು ಧರ್ಮಗಳ ಜಗಳ ಮಾಡಬೇಡಿ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮುಂಚೆ ವಿಜಯನಗರದಲ್ಲೇ ಆಶ್ರಯ ಪಡೆದು ವರ್ಷಗಟ್ಟಲೆ ಇದ್ದ. ಬಿಜಾಪುರದ ಅಲಿ ಆದಿಲ್ ಶಾ ಕೆಲವೇ ವರ್ಷ ಹಿಂದೆ ರಾಮರಾಯನ ಜೊತೆ ಸೇರಿ ಅಹಮದ್‌ನಗರದ ಮೇಲೆ ಹೋಗಿದ್ದ. ಹೀಗೆ ಒಬ್ಬರ ಮನೆ ಒಬ್ಬರು ಬಲ್ಲವರೇ ಕೊನೆಗೆ ಎದುರುಬದುರು ನಿಂತರು. ಮಕ್ಕಳು ಈ ನೋವನ್ನೂ ತಿಳಿಯಲಿ ಎಂಬುದು ನನ್ನ ಆಸೆ.

ಒಂದು ಮಾತು ಖಂಡಿತ. ದಂಡು ದಾಟಿದ ಹೊಳೆ ಈಗ ಹಾಗಿಲ್ಲ. ನಾರಾಯಣಪುರ ಡ್ಯಾಮಿನಿಂದ ನೀರು ಜಾಸ್ತಿ ನಿಲ್ಲುತ್ತದೆ. ಯಾವ ಮಗುವೂ ನೀರಿಗೆ ಇಳಿಯುವಂತಿಲ್ಲ. ನೀವೂ ಮನೆಯಲ್ಲಿ ಒತ್ತಿ ಹೇಳಿ.

ಮಧ್ಯಾಹ್ನದ ಊಟ ತಂಗಡಗಿಯಲ್ಲಿ, ಬಸವಣ್ಣನವರ ಪತ್ನಿ ನೀಲಮ್ಮ ತಾಯಿ ಐಕ್ಯಳಾದ ಊರಲ್ಲಿ. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರೆ ಸಾಕು. ಬಸ್ಸಿನ ದುಡ್ಡು ಹೊಂದಿಸಲು ಆಗದವರು ನನಗೆ ಮಾತ್ರ ಬಂದು ಹೇಳಿ. ಆ ಕಾರಣಕ್ಕೆ ಒಂದು ಮಗುವೂ ಮನೆಯಲ್ಲಿ ಉಳಿಯಬಾರದು.

ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ. ಬಸ್ಸು ಬೆಳಿಗ್ಗೆ ಆರಕ್ಕೆ ಶಾಲೆಯಿಂದಲೇ ಹೊರಡುತ್ತದೆ.

ನಿಮ್ಮ,
ಮುಖ್ಯಗುರುಗಳು
ಸುರಪುರ